ಅರಳಿ ಎಲೆ ಕುಣಿತ ಕಲಿತದ್ದು

ಆಗ ಲೋಕ ಈಗಷ್ಟೇ ಕುಂಬಾರನ ಆವಿಗೆಯಿಂದ ತೆಗೆದ ಮಡಕೆಯ ಹಾಗಿತ್ತು. ಮುಟ್ಟಿದರೆ ಬಿಸಿ, ಮೂಸಿದರೆ ಮಣ್ಣಿನ ವಾಸನೆ. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಎಡವುತ್ತ ತಡವರಿಸುತ್ತ ಓಡಾಡುವುದನ್ನು ಕಲಿಯುತ್ತಿತ್ತು.

ಬ್ರಹ್ಮನಿಗೆ ಮಾಡುವ ಕೆಲಸ. ಬೆಳಗಾದರೆ ಸಾಕು, ಏನಾದರೊಂದು ಮಾಡುತ್ತಿದ್ದ. ಇವತ್ತು ಕಪ್ಪೆ, ನಾಳೆ ಕುಂಬಳಕಾಯಿ. ವಿಷ್ಣುವಿಗೆ ಕಾಯುವ ಕೆಲಸ. ಬ್ರಹ್ಮ ಮಾಡಿ ಇಟ್ಟದ್ದಕ್ಕೆಲ್ಲ ನೀರು ಕುಡಿಸಿ, ಬಿಸಿಲು ಕಾಯಿಸಿ, ಬೀಳದ ಹಾಗೆ ನೋಡಿಕೊಳ್ಳುತ್ತಿದ್ದ.

ಶಿವ ಮಾತ್ರ ದೂರದ ಹಿಮದ ಬೆಟ್ಟದಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅವನ ಕೆಲಸ ಏನೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕೊರಳಲ್ಲಿ ಹಾವು, ಮೈತುಂಬ ಬೂದಿ. ಹತ್ತಿರ ಹೋಗಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹಾಗಾಗಿ ಆಗ ಏನೂ ಉದುರುತ್ತಿರಲಿಲ್ಲ. ಅರಳಿದ ಹೂ ಅರಳಿಯೇ ಇರುತ್ತಿತ್ತು. ಬಂದ ಎಲೆ ಬಂದಲ್ಲೇ ಇರುತ್ತಿತ್ತು.

ಹೊಳೆಯ ದಂಡೆಯಲ್ಲಿ ಒಂದು ಅರಳಿ ಮರವಿತ್ತು. ಅದರ ತುದಿಕೊಂಬೆಯಲ್ಲಿ ಒಬ್ಬ ಎಲೆಯಜ್ಜ ಇದ್ದ. ಆ ಮರದಲ್ಲಿ ಎಲ್ಲರಿಗಿಂತ ಮೊದಲು ಹುಟ್ಟಿದವನೆಂದು ಅವನನ್ನು ಮುತ್ತೆಲೆ ಎಂದು ಕರೆಯುತ್ತಿದ್ದರು. ಹಕ್ಕಿಗಳ ಹೆಸರೆಲ್ಲ ಅವನಿಗೆ ಬಾಯಿಪಾಠ. ತಾನಿಲ್ಲದೆ ಮರವೇ ಇಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಒಂದು ಬೆಳಗ್ಗೆ ಅವನ ತೊಟ್ಟಿನ ಪಕ್ಕದಿಂದ ಸಣ್ಣ ದನಿ ಕೇಳಿತು.

"ಮುತ್ತಜ್ಜಾ, ಸ್ವಲ್ಪ ಸರಿದುಕೊಳ್ತೀಯಾ?"

"ಯಾರಮ್ಮಾ ಅದು?"

"ನಾನು ಕೆಂಚಿ. ಚಿಗುರು. ಬ್ರಹ್ಮ ನನ್ನನ್ನು ಮಾಡಿ ಎಷ್ಟೋ ಕಾಲವಾಯ್ತು. ಹೊರಗೆ ಬರೋದಕ್ಕೆ ಜಾಗವೇ ಇಲ್ಲ."

ಮುತ್ತೆಲೆ ಸರಿಯಲು ನೋಡಿದ. ಆ ಕಡೆ ಎಲೆ, ಈ ಕಡೆ ಎಲೆ. ಎಲ್ಲಿಗೆಂದು ಸರಿಯುವುದು?

"ಹೋಗಲಿ ಬಿಡು, ಅಜ್ಜಾ. ಹೊಳೆ ಹೇಗಿದೆ ಅಂತ ಹೇಳು."

"ಹೊಳೆನಾ? ಫಳಫಳ ಅಂತ ಹೊಳೀತಿದೆ."

"ಹೊಳೆಯೋದು ಅಂದರೆ ಏನಜ್ಜಾ?"

ಕತ್ತಲಲ್ಲಿ ಮುದುಡಿ ಕೂತ ಮಗುವಿಗೆ ಹೊಳಪನ್ನು ಹೇಗೆ ತಿಳಿಸುವುದು? ಅವತ್ತು ಮುತ್ತೆಲೆಗೆ ಹೊಳೆ ನೋಡಿದರೂ ಸಂತೋಷವಾಗಲಿಲ್ಲ. ದಿನ ಕಳೆದ ಹಾಗೆ ಕೆಂಚಿಯ ದನಿ ಕ್ಷೀಣವಾಗುತ್ತ ಬಂತು. ಕೊನೆಗೆ ಅವನು ಗಾಳಿಯ ಕೈಯಲ್ಲಿ ಬ್ರಹ್ಮನಿಗೆ ಹೇಳಿ ಕಳಿಸಿದ.

ಬ್ರಹ್ಮ ಮಣ್ಣುಗೈಯಲ್ಲೇ ಬಂದ. "ಜಾಗ ತಾನೇ ಬೇಕು? ಇನ್ನೊಂದು ಕೊಂಬೆ ಮಾಡಿಬಿಡ್ತೀನಿ" ಎಂದು ಮಾಡಿಯೇಬಿಟ್ಟ. ಸಂಜೆಯ ಹೊತ್ತಿಗೆ ಅದರ ತುಂಬ ಎಲೆಯೇ. ಭಾರಕ್ಕೆ ಮರ ಕಿರ್ರೆಂದು ಹೊಳೆಯ ಕಡೆ ವಾಲಿತು.

ವಿಷ್ಣು ಓಡಿ ಬಂದು ಹೆಗಲು ಕೊಟ್ಟ. "ಸಾಕು ನಿಲ್ಲಿಸಪ್ಪಾ ಬ್ರಹ್ಮ" ಎಂದು ಏದುಸಿರು ಬಿಟ್ಟ. ಆಮೇಲೆ ಮುತ್ತೆಲೆಯ ಕಡೆ ತಿರುಗಿದ. "ನೋಡು, ಹಿಡಿದುಕೊಳ್ಳೋದು ನನಗೆ ಗೊತ್ತು. ಬಿಡಿಸೋದು ಗೊತ್ತಿಲ್ಲ. ಅದು ಗೊತ್ತಿರೋನು ಬೆಟ್ಟದಲ್ಲಿ ಕೂತಿದ್ದಾನೆ. ಕರೆಯೋದಾದರೆ ನೀನೇ ಕರೀಬೇಕು."

ಶಿವನನ್ನು ಕರೆಯುವುದೇ? ಮುತ್ತೆಲೆಯ ನರನರವೂ ತಣ್ಣಗಾಯಿತು. ಅಷ್ಟರಲ್ಲಿ ಕೆಂಚಿ, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ, "ಅಜ್ಜಾ, ಇದ್ದೀಯಾ?" ಎಂದಳು.

"ಇದ್ದೀನಿ ಕಂದ" ಎಂದ ಮುತ್ತೆಲೆ. ಆಮೇಲೆ ಗಾಳಿಗೆ ಹೇಳಿದ: "ಹೋಗು, ಶಿವನನ್ನು ಕರಕೊಂಡು ಬಾ."

ಶಿವ ಬರಿಗಾಲಲ್ಲಿ ನಡೆದು ಬಂದ. ಮೊಲ ಬಿಲ ಸೇರಿತು, ಕಪ್ಪೆ ನೀರಿಗೆ ಹಾರಿತು. ಅವನು ಮರದ ಬುಡದಲ್ಲಿ ಕೂತು ತಲೆಯೆತ್ತಿ ನೋಡಿದ.

"ಕರೆದದ್ದು ಯಾರು?"

"ನಾನು."

"ಹೆದರಿಕೆ ಆಗ್ತಿದೆಯಾ?"

"ಹೌದು, ಸ್ವಾಮಿ."

"ನನಗೂ ಇದೇ ಮೊದಲ ಕೆಲಸ" ಎಂದ ಶಿವ. "ಇಷ್ಟು ದಿನ ಯಾರೂ ಕರೆದಿರಲಿಲ್ಲ. ಇಬ್ಬರೂ ನಿಧಾನವಾಗಿಯೇ ಮಾಡೋಣ. ಮೊದಲು ನಿನ್ನ ಹಸಿರನ್ನು ಮರಕ್ಕೆ ಕೊಡು. ಕೆಂಚಿಗೆ ಬೇಕಾಗುತ್ತೆ."

ಮುತ್ತೆಲೆ ಒಂದೊಂದೇ ನರದಿಂದ ಹಸಿರನ್ನು ತೊಟ್ಟಿಗೆ ಇಳಿಸಿದ. ಇಳಿಸಿದಷ್ಟೂ ಮೈ ಹಗುರ. ಹಸಿರೆಲ್ಲ ಹೋದ ಮೇಲೆ ನೋಡಿಕೊಂಡರೆ, ಒಳಗೆ ಬಂಗಾರದ ಬಣ್ಣ ಅಡಗಿತ್ತು. ಇಷ್ಟು ಕಾಲ ಬದುಕಿದರೂ ಅದು ಅವನಿಗೇ ಗೊತ್ತಿರಲಿಲ್ಲ.

ಶಿವ ಡಮರು ತೆಗೆದು ಮೆಲ್ಲಗೆ ನುಡಿಸಿದ. ಡಂ ಡಂ, ಡಂ ಡಂ.

"ಈಗಲಾ?" ಎಂದು ಕೇಳಿದ ಮುತ್ತೆಲೆ.

"ನಿನಗೆ ಮನಸ್ಸು ಬಂದಾಗ."

ಮುತ್ತೆಲೆ ಪಕ್ಕಕ್ಕೆ ಬಾಗಿದ. "ಕೆಂಚೀ, ಹೊಳೆ ಹೇಗಿದೆ ಅಂತ ಕೇಳಿದೆಯಲ್ಲ, ಇನ್ನು ನೀನೇ ನೋಡಮ್ಮ" ಎಂದು ಕೊಂಬೆಯ ಕೈ ಬಿಟ್ಟ.

ಬೀಳುತ್ತೇನೆ ಎಂದುಕೊಂಡಿದ್ದ. ಎಲ್ಲಿ ಬಿದ್ದ? ಡಮರು ಎತ್ತ ಕರೆದರೆ ಅತ್ತ ತಿರುಗಿದ, ತೇಲಿದ, ಮಗುಚಿದ, ಮತ್ತೆ ಎದ್ದ. ಹುಟ್ಟಿದಾಗಿನಿಂದ ಒಂದೇ ಜಾಗದಲ್ಲಿ ಅಂಟಿಕೊಂಡಿದ್ದವನು ಮೊದಲ ಸಲ ಊರು ಸುತ್ತಿದ. ಕೊಂಬೆಗಳ ನಡುವೆ ಹಾದ. ಕೆಳಗಿನಿಂದ ತನ್ನ ಮರವನ್ನು ಕಂಡ. "ಅಬ್ಬಾ, ಇಷ್ಟು ದೊಡ್ಡದಾ ನಮ್ಮ ಮರ" ಎಂದು ನಕ್ಕ. ನಗುತ್ತಲೇ ಶಿವನ ಅಂಗೈಯಲ್ಲಿ ಬಂದು ಕೂತ.

ಮೇಲೆ ಕೆಂಚಿ ಮೈ ಮುಚ್ಚಿದ್ದ ಅರಿವೆಯಂಥ ಪೊರೆ ಬಿಚ್ಚಿ ಹೊರಬಂದಳು. ಕೆಂಪು ಕೆಂಪಾಗಿ ಮಿಂಚುತ್ತಿದ್ದಳು. ಎದುರಿಗೆ ಹೊಳೆ. ಫಳಫಳ ಹೊಳೆಯುತ್ತಿತ್ತು. ಹಗುರಾದ ಮರ ನೆಟ್ಟಗಾಗಲು ವಿಷ್ಣು ಹೆಗಲು ಇಳಿಸಿ, ಬಂದು ಅವಳ ಬೆನ್ನು ಸವರಿದ. ಅವನ ಕೈ ಆಡಿದಲ್ಲೆಲ್ಲ ಹಸಿರು ಮೂಡಿತು.

ಶಿವ ಮುತ್ತೆಲೆಯನ್ನು ಬುಡದಲ್ಲಿ ಮಲಗಿಸಿದ. ಮಣ್ಣಿನೊಳಗಿಂದ ಬೇರು ಕೇಳಿತು: "ದಣಿದೆಯಾ, ಹಿರಿಯಾ? ಒಳಗೆ ಬಾ, ಮಲಗು. ಮೇಲೆ ಇನ್ನೂ ಬೇಕಾದಷ್ಟು ಚಿಗುರು ಹಸಿದು ಕೂತಿವೆ. ಎದ್ದ ಮೇಲೆ ರಸವಾಗಿ ಅವುಗಳ ಹತ್ತಿರ ಹೋಗುವೆಯಂತೆ." ಮುತ್ತೆಲೆ ಸುಖವಾಗಿ ಕಣ್ಣು ಮುಚ್ಚಿದ.

ಮರದ ತುಂಬ ಗಲಾಟೆ ಎದ್ದಿತು. "ನಮಗೂ ಆ ಕುಣಿತ ಬೇಕು, ನಮಗೂ ಬೇಕು" ಎಂದು ಎಲೆಗಳೆಲ್ಲ ಹಟ ಹಿಡಿದವು.

"ಅವಸರ ಬೇಡ" ಎಂದ ಶಿವ. "ನಿಮ್ಮ ನಿಮ್ಮ ಸರದಿ ಬಂದಾಗ ನಾನೇ ಬರ್ತೀನಿ. ಅಲ್ಲಿಯವರೆಗೆ ಕೂತಲ್ಲೇ ಕಲೀತಾ ಇರಿ." ಕುಣಿಯಲು ಅನುಕೂಲವಾಗಲೆಂದು ಬ್ರಹ್ಮ ಅವಕ್ಕೆಲ್ಲ ಉದ್ದನೆಯ ಸಣ್ಣ ತೊಟ್ಟು ಮಾಡಿಕೊಟ್ಟ.

ಅದಕ್ಕೇ ಪುಟ್ಟಾ, ಅರಳಿ ಎಲೆ ಕೆಂಪಾಗಿ ಹುಟ್ಟಿ, ಹಸಿರಾಗಿ ಬಾಳಿ, ಬಂಗಾರವಾಗಿ ಇಳಿದು ಬರುತ್ತದೆ. ಉಳಿದ ಮರಗಳೆಲ್ಲ ಅಲುಗದೆ ನಿಂತ ಹೊತ್ತಿನಲ್ಲೂ ಅರಳಿ ಮರ ಒಂದೇ ಪಟಪಟ ಅನ್ನುತ್ತಿದ್ದರೆ, ಎಲೆಗಳು ಕುಣಿತ ಕಲಿಯುತ್ತಿವೆ ಎಂದು ತಿಳಿದುಕೋ.