ಕೆಸುವಿನ ಎಲೆ ತಲೆ ತಗ್ಗಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಥೆ ಬರೆದು ಅಭ್ಯಾಸವಿಲ್ಲ. ಎಲ್ಲಾದರೂ ಎಡವಿದರೆ ಮಕ್ಕಳು ಕ್ಷಮಿಸಬೇಕು. ಕೆಸು ಎಂದರೆ ಹಳ್ಳದ ಬದಿಯಲ್ಲಿ ಯಾರೂ ನೆಡದೆ ಬೆಳೆಯುವ ಸೊಪ್ಪು. ಮೊರದಷ್ಟು ಅಗಲದ ಎಲೆ, ಮಣ್ಣೊಳಗೆ ಗೆಡ್ಡೆ. ಗೊತ್ತಿದ್ದವರು ಈ ಸಾಲು ಬಿಟ್ಟು ಓದಬಹುದು.

ಭೂಮಿ ಇನ್ನೂ ಹಸಿ ಮಣ್ಣಾಗಿದ್ದ ಕಾಲ. ಆಗ ಕೆಸುವಿನ ಎಲೆ ಆಕಾಶಕ್ಕೆ ಮುಖ ಮಾಡಿ ಬಟ್ಟಲಿನ ಹಾಗೆ ನಿಲ್ಲುತ್ತಿತ್ತು. ಬಟ್ಟಲಿನ ಹಾಗೆ ಎಂದರೆ, ಅದರೊಳಗೆ ನೀರು ನಿಲ್ಲುತ್ತಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಬೇಸಿಗೆಯಲ್ಲಿ ಕಪ್ಪೆಯಕ್ಕ ಓಡೋಡಿ ಬಂದಳು.

"ಕೆಸವ್ವಾ, ಹಳ್ಳ ಬತ್ತುತ್ತಿದೆ. ನನ್ನ ಗೊದಮೊಟ್ಟೆಗಳನ್ನು ನಿನ್ನ ಎಲೆಯ ನೀರಿನಲ್ಲಿ ಇರಿಸಿಕೊಳ್ಳುತ್ತೀಯಾ? ನಾನು ಹೋಗಿ ಮಳೆಯನ್ನು ಕರೆದು ತರುತ್ತೇನೆ."

"ಅಷ್ಟೇ ತಾನೆ? ನಿನ್ನ ಮಕ್ಕಳು ನನ್ನ ಮಕ್ಕಳಲ್ಲವೇ! ಹೋಗಿ ಬಾ," ಎಂದಳು ಕೆಸವ್ವ.

ಹಳ್ಳ ಬತ್ತಿತು. ಕೆಸವ್ವನ ಬೇರು ಒಣಗಿತು. ಒಂದೇ ಹನಿ, ಎಂದುಕೊಂಡು ಅವಳು ಎಲೆಯ ನೀರಿನಲ್ಲಿ ಒಂದು ಹನಿ ಕುಡಿದಳು. ಮರುದಿನವೂ, ಒಂದೇ ಹನಿ, ಎಂದುಕೊಂಡಳು. ಅದರ ಮರುದಿನವೂ ಅದೇ.

"ಕೆಸವ್ವಾ, ನಮ್ಮ ಹೊಟ್ಟೆ ಎಲೆಗೆ ತಾಗುತ್ತಿದೆ," ಎಂದವು ಗೊದಮೊಟ್ಟೆಗಳು.

"ಬಿಸಿಲು ಮಕ್ಕಳೇ, ಬಿಸಿಲು ಕುಡಿಯುತ್ತಿದೆ."

"ಬಿಸಿಲು ಇಷ್ಟು ಸದ್ದು ಮಾಡಿಕೊಂಡು ಕುಡಿಯುತ್ತದಾ?"

ಮರುದಿನ ಕೆಸವ್ವ ಸದ್ದಾಗದಂತೆ ಕುಡಿದಳು. ಒಂದು ಮಧ್ಯಾಹ್ನ ಮರಿಗಳ ಬೆನ್ನು ಒಣಗಿ, ಬಾಲ ಅಲ್ಲಾಡದೆ ನಿಂತಾಗ ಅವಳು ಕುಡಿಯುವುದನ್ನು ಬಿಟ್ಟಳು. ಎಲೆ ಬಾಗಿಸಿ, ಉಳಿದ ಗುಟುಕು ನೀರಿನೊಂದಿಗೆ ಮರಿಗಳನ್ನು ಕೆಳಗಿನ ಕಲ್ಲಿನ ಗುಳಿಗೆ ಸುರಿದಳು. ಅಷ್ಟರಲ್ಲಿ ಕಪ್ಪೆಯಕ್ಕ ಮಳೆಯನ್ನು ಕರೆತಂದಳು. ಮರಿಗಳು ಬದುಕಿದವು.

"ಎಲೆ ತುಂಬ ನೀರಿತ್ತಲ್ಲ, ಏನಾಯಿತು?"

"ಬಿಸಿಲು ಕುಡಿಯಿತು," ಎಂದಳು ಕೆಸವ್ವ. ಕಪ್ಪೆಯಕ್ಕ ಸೂರ್ಯನಿಗೆ ಬಾಯಿಗೆ ಬಂದಂತೆ ಬೈದಳು. ತಾನೇನು ಮಾಡಿದೆನೆಂದು ತಿಳಿಯದೆ ಸೂರ್ಯ ಮೋಡದ ಹಿಂದೆ ಸರಿದ. ಆ ಸುಳ್ಳು ಮಾತ್ರ ಕೆಸವ್ವನ ಗಂಟಲಲ್ಲೇ ಸಿಕ್ಕಿಕೊಂಡು ಕೆರೆಯತೊಡಗಿತು.

ಮಳೆಗೆ ಕೆಸು ಸೊಂಪಾಗಿ ಬೆಳೆಯಿತು. ಹಳ್ಳದಾಚೆಯ ದ್ಯಾವಕ್ಕ ಎಲೆ ಕೊಯ್ದು, ಬೇಯಿಸಿ, ಒಂದು ತುತ್ತು ತಿಂದಳು. ತಿಂದವಳೇ ಗಂಟಲು ಹಿಡಿದುಕೊಂಡು ಹಳ್ಳಕ್ಕೆ ಓಡಿ ಬಂದಳು.

"ಏನೇ ಕೆಸವ್ವಾ, ಗಂಟಲಲ್ಲಿ ಏನು ಬಚ್ಚಿಟ್ಟುಕೊಂಡಿದ್ದೀಯೇ? ಉಗುಳೇ ಅದನ್ನ!"

ಅಲ್ಲೇ ಅಮಟೆ ಮರವಿತ್ತು. ದ್ಯಾವಕ್ಕ ಬಿದ್ದ ಕಾಯಿಗಳನ್ನು ಜಜ್ಜಿ, ಹುಳಿಯನ್ನು ಕೆಸವ್ವನ ಬುಡಕ್ಕೆ ಹಿಂಡಿದಳು. ಹುಳಿ ಇಳಿಯುತ್ತಿದ್ದಂತೆ ಗಂಟಲು ಸಡಿಲವಾಯಿತು.

"ನೀರು ಕುಡಿದದ್ದು ನಾನು. ಬಿಸಿಲಲ್ಲ," ಎಂದುಬಿಟ್ಟಳು ಕೆಸವ್ವ.

ಹಳ್ಳದ ನೀರಿನಲ್ಲಿದ್ದ ಕಪ್ಪೆಯಕ್ಕ ಅದನ್ನು ಕೇಳಿಸಿಕೊಂಡಳು, ಆದರೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಇಷ್ಟೇ ಕೇಳಿದಳು: "ನಿನ್ನ ಎಲೆಯೆಲ್ಲ ಒಣಗಿದರೂ ಮಣ್ಣೊಳಗೆ ಗೆಡ್ಡೆ ಇದೆ. ಮಳೆ ಬಂದರೆ ಮತ್ತೆ ಹುಟ್ಟುತ್ತೀಯ. ನನ್ನ ಮಕ್ಕಳಿಗೆ ಎಲ್ಲಿದೆ ಕೆಸವ್ವಾ, ಗೆಡ್ಡೆ?"

ಕೆಸವ್ವ ತಲೆ ತಗ್ಗಿಸಿದಳು. ಮತ್ತೆ ಎತ್ತಲಿಲ್ಲ. ಮಳೆ ಬಂದು ಹನಿ ಕೊಟ್ಟರೆ, "ನನಗೆ ಬೇಡ, ಕೆಳಗಿನವರಿಗೆ ಕೊಡು," ಎಂದು ಉರುಳಿಸಿಬಿಡುತ್ತಿದ್ದಳು.

ಅದಕ್ಕೇ ಇವತ್ತಿಗೂ ಕೆಸುವಿನ ಎಲೆ ಬಾಗಿಯೇ ಇರುತ್ತದೆ, ಅದರ ಮೇಲೆ ಒಂದು ಹನಿಯೂ ಅಂಟುವುದಿಲ್ಲ. ಹುಳಿ ಹಾಕದೆ ತಿಂದರೆ ಗಂಟಲು ಕೆರೆಯುತ್ತದೆ. ನಡುವಿನ ಸುರುಳಿ ಎಲೆ ಮಾತ್ರ ನೆಟ್ಟಗೆ ನಿಂತಿರುತ್ತದೆ, ನೋಡಿ. ಅದಕ್ಕೆ ಈ ಕಥೆ ಇನ್ನೂ ಗೊತ್ತಿಲ್ಲ. ಸೊಪ್ಪು ಕೊಯ್ಯುವಾಗ ಹೊರಗಿನ ಎಲೆ ಕೊಯ್ದು, ಅದನ್ನು ಬಿಟ್ಟುಬಿಡಬೇಕು, ಯಾಕೆಂದರೆ—

"ರೀ, ಕೆಸು ಬೆಂದಾಯ್ತು! ಹುಳಿ ಎಲ್ಲಿಟ್ರಿ?"

ಬಂದೆ, ಬಂದೆ.