ಎಂಬತ್ತೆಂಟು ಬೊಟ್ಟಿನ ಪಿಯಾನೊ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹನ್ನೆರಡು ವರ್ಷದಿಂದ ದಿನವೂ ನಿಮ್ಮ ಪಾದ ತೊಳೆದಿದ್ದೇನೆ, ಹೂ ಏರಿಸಿದ್ದೇನೆ, ಆರತಿ ಎತ್ತಿದ್ದೇನೆ. ಆದರೂ ನನಗೆ ಏನೂ ತಿಳಿಯಲಿಲ್ಲ. ಯಾಕೆ?"

ಗುರುಗಳು ತಮ್ಮ ಪಾದ ನೋಡಿಕೊಂಡರು. "ಪಾದವಂತೂ ಚೆನ್ನಾಗಿ ಬೆಳ್ಳಗಾಗಿದೆ. ಕೂತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ" ಎಂದು ಆರಂಭಿಸಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವರ್ತಕನಿದ್ದ. ಅವನ ನಡುಮನೆಯಲ್ಲಿ ಒಂದು ಹಳೆಯ ಪಿಯಾನೊ ಇತ್ತು. ಬೆರಳಿನಿಂದ ನುಡಿಸುವ ಪಿಯಾನೊ ಅಲ್ಲ, ತಾನೇ ನುಡಿಯುವಂಥದ್ದು. ಅದರೊಳಗೆ ತೂತು ಕೊರೆದ ಕಾಗದದ ಸುರುಳಿ ಇರುತ್ತದೆ. ಕೆಳಗೆ ಎರಡು ಹಲಗೆ. ಅವನ್ನು ಕಾಲಿನಿಂದ ತುಳಿದರೆ ಒಳಗಿನ ತಿದಿ ಗಾಳಿ ಎಳೆಯುತ್ತದೆ, ಸುರುಳಿ ತಿರುಗುತ್ತದೆ. ಸುರುಳಿಯ ಹಿಂದೆ ಒಂದು ಹಿತ್ತಾಳೆ ಪಟ್ಟಿ. ಅದರಲ್ಲಿ ಸಾಲಾಗಿ ಎಂಬತ್ತೆಂಟು ತೂತು, ಒಂದೊಂದು ಸ್ವರಕ್ಕೆ ಒಂದೊಂದು. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂದಾಗ ಗಾಳಿ ಒಳಗೆ ನುಗ್ಗುತ್ತದೆ, ಆ ಸ್ವರ ನುಡಿಯುತ್ತದೆ. ಅದರ ಗುಟ್ಟು ಇಷ್ಟೇ. ಗಾಳಿಗೆ ದಾರಿ ಬಿಡಬೇಕು, ಕಾಲಿಗೆ ಕೆಲಸ ಕೊಡಬೇಕು.

ಅದನ್ನು ಕೊಂಡವನು ವರ್ತಕನ ಅಪ್ಪ. ಊರು ಬಿಟ್ಟು ಹೊರಟ ಒಬ್ಬ ಬಿಳಿ ದೊರೆಯ ಬಂಗಲೆಯ ಹರಾಜಿನಲ್ಲಿ ಕೂಗಿ ತಂದಿದ್ದ. ಅದರ ಜೊತೆ ಬಂದದ್ದು ಒಂದೇ ಸುರುಳಿ, ಒಂದೇ ಹಾಡು. ಅಪ್ಪ ನಲವತ್ತು ವರ್ಷ ಸಂಜೆ ಅಂಗಡಿ ಮುಚ್ಚಿ ಬಂದು ಆ ಹಾಡನ್ನು ತುಳಿದ. ಅಮ್ಮ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಾ ಕೇಳಿದಳು. ಅದು ದೊರೆಗಳು ಕುಡಿದು ಕುಣಿಯುವಾಗ ಹಾಕಿಕೊಳ್ಳುತ್ತಿದ್ದ ಹಾಡು. ಅವರಿಬ್ಬರಿಗೂ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅಕ್ಕಿಯಲ್ಲಿ ಕಲ್ಲು ಹೆಚ್ಚೇನೂ ಆಗುತ್ತಿರಲಿಲ್ಲ.

ಅಪ್ಪ ತೀರಿಕೊಂಡ. ಮಗನಿಗೆ ಅಪ್ಪನ ಮೇಲೆ ಅಪಾರ ಭಕ್ತಿ. ಅವನು ಪಿಯಾನೊಗೆ ರೇಷ್ಮೆ ವಸ್ತ್ರ ಹೊದಿಸಿದ. ಪ್ರತಿ ಶುಕ್ರವಾರ ಪೂಜೆ ಇಟ್ಟ. ಆಯುಧಪೂಜೆಯ ದಿನವಂತೂ ಅದಕ್ಕೆ ವಿಶೇಷ ಉಪಚಾರ. ಮುಚ್ಚಳ ತೆಗೆದು ನೋಡಿದಾಗ ಹಿತ್ತಾಳೆ ಪಟ್ಟಿ ಕಣ್ಣಿಗೆ ಬಿತ್ತು. ಸಾಲಾಗಿ ಅಷ್ಟು ಚೆಂದದ ತೂತುಗಳಿರುವುದು ಬೊಟ್ಟು ಇಡಲಿಕ್ಕೇ ಎಂದುಕೊಂಡ. ಗಂಧ ತೇದು, ಕುಂಕುಮ ಕಲಸಿ, ಒಂದೊಂದು ನಾಮ ಹೇಳಿ ಒಂದೊಂದು ತೂತಿಗೆ ಬೊಟ್ಟು ಒತ್ತಿದ. ಎಂಬತ್ತೆಂಟು ಬೊಟ್ಟಾಯಿತು. ಅಷ್ಟೋತ್ತರಕ್ಕೆ ಇನ್ನೂ ಇಪ್ಪತ್ತು ಕಡಿಮೆ. ಉಳಿದ ಇಪ್ಪತ್ತನ್ನು ಮರದ ಮೇಲೆ ಇಟ್ಟ. ಲೆಕ್ಕ ತಪ್ಪದ ಮನುಷ್ಯ.

ಕೊನೆಗೆ ಅಕ್ಷತೆ ಹಾಕಿದ. ಅಕ್ಷತೆ ಪಿಯಾನೊದೊಳಗೆ ಉದುರಿತು. ಅಕ್ಷತೆಗೆ ಇಲಿ ಬಂತು. ಅಕ್ಕಿ ಮುಗಿದ ಮೇಲೆ ಇಲಿ ಒಳಗೆ ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಯನ್ನು ತಿಂದಿತು. ಮುಂದಿನ ವರ್ಷ ಮತ್ತೆ ಅಕ್ಷತೆ ಬಿತ್ತು. ಹೀಗೆ ಹನ್ನೊಂದು ವರ್ಷ ಪೂಜೆಯೂ ನಡೆಯಿತು, ಇಲಿಯ ಸಂಸಾರವೂ ನಡೆಯಿತು. ಪಿಯಾನೊ ಮಾತ್ರ ಒಂದು ದಿನವೂ ನುಡಿಯಲಿಲ್ಲ. ಯಾಕೆಂದರೆ ಯಾರೂ ತುಳಿಯಲಿಲ್ಲ. ಅಪ್ಪನ ವಸ್ತುವಿಗೆ, ಅದರಲ್ಲೂ ಪೂಜೆಗೊಂಡ ವಸ್ತುವಿಗೆ, ಕಾಲು ತಾಗಿಸುವುದುಂಟೇ? ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು.

ಅಮ್ಮ ಪ್ರತಿ ವರ್ಷವೂ ಅದನ್ನು ಒಂದು ಸಲ ಹಾಡಿಸು ಎನ್ನುತ್ತಿದ್ದಳು. ಮಗ ನೋಡೋಣ ಎನ್ನುತ್ತಿದ್ದ. ಅಷ್ಟರಲ್ಲಿ ಅಮ್ಮನ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯೂ ಗಂಟುಮೂಟೆ ಕಟ್ಟತೊಡಗಿತು. ವೈದ್ಯರು ನೋಡಿ, ಇದು ಇನ್ನು ಎರಡು ಮೂರು ತಿಂಗಳು ಇದ್ದರೆ ಹೆಚ್ಚು ಎಂದರು. ಮನೆಗೆ ಬಂದ ಮೇಲೆ ಅಮ್ಮ ಮಗನನ್ನು ಕರೆದು ಹೇಳಿದಳು: "ಈ ಕಿವಿ ಇರೋವಾಗ್ಲೇ ನಿಮ್ಮಪ್ಪನ ಹಾಡು ಒಂದ್ಸಲ ಕೇಳಿಸಪ್ಪ. ಆಮೇಲೆ ನೀನು ಗಂಟೆ ಹೊಡ್ಕೊ, ಜಾಗಟೆ ಹೊಡ್ಕೊ, ನನಗೇನೂ ತೊಂದ್ರೆ ಇಲ್ಲ."

ತಾಯಿಯ ಮೇಲೂ ಮಗನಿಗೆ ಪ್ರೀತಿಯಿತ್ತು. ಅವನು ಹುಡುಕಾಡಿ ಒಬ್ಬ ವಾದ್ಯದ ಮೇಸ್ತ್ರಿಯನ್ನು ಕರೆಸಿದ. ಹಾರ್ಮೋನಿಯಂ, ಗ್ರಾಮೊಫೋನು, ಹಾಡುವ ಗಡಿಯಾರ, ಇಂಥವನ್ನೆಲ್ಲ ರಿಪೇರಿ ಮಾಡುತ್ತಿದ್ದ ಮುದುಕ ಅವನು. ಧೂಳು ಏಳುತ್ತದೆಂದು ಅಮ್ಮನನ್ನು ಆಕೆಯ ಮಗಳ ಮನೆಗೆ ಕಳಿಸಿದರು.

ಮೇಸ್ತ್ರಿ ಪಿಯಾನೊ ಬಿಚ್ಚಿದ. ಮೊದಲು ಇಲಿಗಳನ್ನು ಒಕ್ಕಲೆಬ್ಬಿಸಿದ. ಒಣಗಿ ಬಿರುಕು ಬಿಟ್ಟಿದ್ದ ತಿದಿಗೆ ಹೊಸ ಬಟ್ಟೆ ಅಂಟಿಸಿದ. ಸುತ್ತಿಗೆಗಳಿಗೆ ಹೊಸ ಉಣ್ಣೆ ಸುತ್ತಿದ. ಸಡಿಲವಾದ ತಂತಿಗಳನ್ನು ಒಂದೊಂದಾಗಿ ಬಿಗಿದು ಶ್ರುತಿ ಕೂಡಿಸಿದ. ಆಮೇಲೆ ಹಿತ್ತಾಳೆ ಪಟ್ಟಿಯ ಮುಂದೆ ಕೂತು ಸೂಜಿಯಿಂದ ಒಂದೊಂದೇ ತೂತಿನ ಕುಂಕುಮ ಕೆರೆದು ತೆಗೆದ. ಹನ್ನೊಂದು ವರ್ಷದ ಕುಂಕುಮ, ಇಟ್ಟಿಗೆಯಾಗಿತ್ತು. ಒಂದು ಬಟ್ಟಲು ತುಂಬಿತು. ಇಪ್ಪತ್ತು ದಿನದ ಕೆಲಸ. ಕೊನೆಗೆ ತುಳಿದು ನೋಡಿದ, ಪಿಯಾನೊ ನುಡಿಯಿತು. ವರ್ತಕ ಆಗ ಅಂಗಡಿಯಲ್ಲಿದ್ದ.

ಸುದ್ದಿ ತಿಳಿದು ವರ್ತಕನಿಗೆ ಸಂತೋಷ ತಡೆಯಲಾಗಲಿಲ್ಲ. ಶುಕ್ರವಾರ ಹತ್ತು ಗಂಟೆಗೆ ಒಳ್ಳೆಯ ಮುಹೂರ್ತ ಎಂದ. ಅಮ್ಮನನ್ನು ಕರೆಸಿದ. ನೆಂಟರಿಗೆ ಹೇಳಿ ಕಳಿಸಿದ. ತುಳಿಯುವ ಕೆಲಸ ಮೇಸ್ತ್ರಿಯದೇ ಎಂದು ಮೊದಲೇ ಗೊತ್ತು ಮಾಡಿಕೊಂಡ. ದೋಷ ಬಂದರೆ ತುಳಿದವನಿಗೆ ತಾನೇ ಬರುವುದು.

ಶುಕ್ರವಾರ ಎಲ್ಲರೂ ಸೇರಿದರು. ಅಮ್ಮ ಬಲಗಿವಿಯನ್ನು ಪಿಯಾನೊ ಕಡೆಗೆ ತಿರುಗಿಸಿಕೊಂಡು ಮುಂದೆ ಕೂತಳು. ಮೇಸ್ತ್ರಿ ತುಳಿಯತೊಡಗಿದ. ಸುರುಳಿ ತಿರುಗಿತು. ಕಾಗದದ ತೂತುಗಳು ಒಂದರ ಹಿಂದೆ ಒಂದು ಇಳಿದು ಬಂದವು. ಸ್ವರ ಮಾತ್ರ ಬರಲಿಲ್ಲ. ಒಂದೂ ಬರಲಿಲ್ಲ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಿಯಾನೊ ಹೀಗೇ ಇರುತ್ತದೋ ಏನೋ ಎಂದು ಒಬ್ಬರು ಸುಮ್ಮನೆ ತಲೆಯನ್ನೂ ತೂಗಿದರು.

ಅಮ್ಮ ಸುರುಳಿ ತಿರುಗುವುದನ್ನು ನೋಡಿದಳು. ಮೇಸ್ತ್ರಿಯ ಕಾಲು ಆಡುವುದನ್ನು ನೋಡಿದಳು. ತಲೆ ತೂಗುತ್ತಿದ್ದ ನೆಂಟರನ್ನು ನೋಡಿದಳು. ಆಮೇಲೆ ಬಲಗಿವಿಯನ್ನು ಕೈಯಲ್ಲಿ ಮುಟ್ಟಿಕೊಂಡು ಮೆಲ್ಲಗೆ ಹೇಳಿದಳು: "ಹೋಯ್ತಪ್ಪ. ಇದೂ ಹೋಯ್ತು. ಒಂದು ವಾರ ಮುಂಚೆ ಮಾಡಿದ್ದಿದ್ರೆ ಕೇಳ್ತಿದ್ದೆ."

ಮೇಸ್ತ್ರಿ ತುಳಿಯುವುದನ್ನು ನಿಲ್ಲಿಸಿದ. ಎದ್ದು ಸುರುಳಿಯನ್ನು ಬಿಚ್ಚಿ ಹಿತ್ತಾಳೆ ಪಟ್ಟಿ ನೋಡಿದ. ಅಲ್ಲಿ ಎಂಬತ್ತೆಂಟು ಹೊಸ ಬೊಟ್ಟುಗಳಿದ್ದವು. ಇನ್ನೂ ಹಸಿಯಾಗಿದ್ದವು.

"ಸಾವ್ಕಾರ್ರೇ, ಏನ್ ಮಾಡಿದ್ರಿ?"

"ನಾನೇನ್ ಮಾಡ್ದೆ? ಬೆಳಿಗ್ಗೆ ಒಂದು ಸಣ್ಣ ಪೂಜೆ ಮಾಡ್ದೆ ಅಷ್ಟೆ. ಇಷ್ಟು ದಿನ ಆದ್ಮೇಲೆ ಹಾಡ್ತಾ ಇದೆ, ಬರಿಗೈಯಲ್ಲಿ ಹಾಡ್ಸೋಕಾಗುತ್ತಾ?"

ಮೇಸ್ತ್ರಿ ತಲೆ ಚಚ್ಚಿಕೊಂಡ. ವರ್ತಕ ಅಮ್ಮನ ಮುಖ ನೋಡಿದ. ಆಕೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವನಿಗೆ ಬದುಕಿನಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಅವನು ಓಡಿಹೋಗಿ ಅಮ್ಮನ ಬಲಗಿವಿಗೆ ಬಾಯಿಟ್ಟು, ಇಡೀ ಬೀದಿಗೆ ಕೇಳುವಂತೆ, ಕಿವಿ ಸರಿಯಾಗಿದೆ, ಪಿಯಾನೊ ಬಾಯಿಗೆ ಕುಂಕುಮ ತುರುಕಿದವನು ನಾನು ಎಂದು ಕೂಗಿದ. ಅಮ್ಮನಿಗೆ ಕೇಳಿಸಿತು. ಕಿವಿ ಇದೆಯೆಂದು ಗೊತ್ತಾದ ಮೇಲೆ ಮಗನಿಗೆ ಬೈದಳು. ಮನಸಾರೆ ಬೈದಳು. ನೆಂಟರು ಉಪ್ಪಿಟ್ಟು ತಿಂದುಕೊಂಡು ಹೊರಟರು.

ಮೇಸ್ತ್ರಿ ಮತ್ತೆ ಸೂಜಿ ಹಿಡಿದು ಕೂತ. ಎರಡು ದಿನ ಹಿಡಿಯಿತು. ಆ ಎರಡು ದಿನ ವರ್ತಕನನ್ನು ನಡುಮನೆಗೆ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಅಮ್ಮನನ್ನೂ ಮಗನನ್ನೂ ಕರೆದ. ವರ್ತಕ ಆರತಿ ತಟ್ಟೆ ಹಿಡಿದುಕೊಂಡೇ ಬಂದ. ಅಭ್ಯಾಸ, ಏನು ಮಾಡುವುದು. ಅಮ್ಮ ಅವನ ಕೈಯಿಂದ ತಟ್ಟೆ ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ವರ್ತಕ ಮೇಸ್ತ್ರಿಗೆ ತುಳಿಯಲು ಹೇಳಿದ. ಮೇಸ್ತ್ರಿ ತನ್ನ ಸೂಜಿ, ಅಂಟು, ಶ್ರುತಿ ಕೀಲಿ ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದ. "ನಾನು ನಾಳೆ ಊರಿಗೆ ಹೋಗೋನು ಸಾವ್ಕಾರ್ರೇ. ಇದನ್ನ ದಿನಾ ತುಳೀಬೇಕು. ಸುಮ್ನೆ ಬಿಟ್ರೆ ತಿದಿ ಮತ್ತೆ ಒಣಗುತ್ತೆ. ನೀವೇ ಕೂತ್ಕೊಳ್ಳಿ" ಎಂದ.

ವರ್ತಕ ತಾಯಿಯ ಕಡೆ ತಿರುಗಿ ಜೋರಾಗಿ ಕೇಳಿದ. "ಅಪ್ಪನ ಪಿಯಾನೊಗೆ ನಾನು ಕಾಲು ಹಚ್ಚೋದಾ ಅಮ್ಮ?"

"ನಿಮ್ಮಪ್ಪ ನಲವತ್ತು ವರ್ಷ ಏನು ಹಚ್ಚಿದ್ರು ಅನ್ಕೊಂಡಿದ್ದೀಯ? ಕೂತ್ಕೊ. ತುಳಿ."

ವರ್ತಕ ಕೂತ. ಬಲಗಾಲಿನಿಂದ ಹಲಗೆಯನ್ನು ಒಂದು ಸಲ ಒತ್ತಿದ. ಕೂಡಲೇ ಬಗ್ಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಡಗಾಲಿನಿಂದ ಒತ್ತಿದ. ಮತ್ತೆ ಬಗ್ಗಿದ, ಮತ್ತೆ ಕಣ್ಣಿಗೊತ್ತಿಕೊಂಡ. ಹೀಗೆ ಒತ್ತುವುದು, ಬಗ್ಗುವುದು. ಪಿಯಾನೊ ಎರಡು ಸ್ವರ ನುಡಿದು ನಿಂತಿತು, ಮತ್ತೆರಡು ನುಡಿದು ನಿಂತಿತು. ತೂಕಡಿಸುವವರ ಮಾತಿನ ಹಾಗಿತ್ತು. ಕುಡಿದು ಕುಣಿಯುವ ಹಾಡಿಗೆ ಅಷ್ಟು ಮರ್ಯಾದೆ ಯಾವ ದೇಶದಲ್ಲೂ ಸಿಕ್ಕಿರಲಿಕ್ಕಿಲ್ಲ. ಮೇಸ್ತ್ರಿ ಗೋಡೆಯ ಕಡೆ ತಿರುಗಿ ನಕ್ಕ.

ಎಷ್ಟು ಸಲ ಬಗ್ಗುತ್ತಾನೆ? ವಯಸ್ಸಾದವನು, ಹೊಟ್ಟೆ ಬೇರೆ ಅಡ್ಡ. ಸ್ವಲ್ಪ ಹೊತ್ತಿಗೆ ಸೊಂಟ ಹಿಡಿದುಕೊಂಡಿತು. ಆಮೇಲೆ ಬಗ್ಗುವುದನ್ನು ಬಿಟ್ಟು ಬರೀ ತುಳಿದ. ತಿದಿ ತುಂಬಿಕೊಂಡಿತು. ಹಾಡು ನಡುಮನೆ ತುಂಬಿತು. ಅಮ್ಮ ಕುರ್ಚಿ ಎಳೆದುಕೊಂಡು ಬಂದು ಬಲಗಿವಿಯನ್ನು ಪಿಯಾನೊ ಮರಕ್ಕೇ ಆನಿಸಿದಳು. ಹಾಡು ಒಮ್ಮೆ ಓಡಿತು, ಒಮ್ಮೆ ಕುಂಟಿತು. ವರ್ತಕನ ಕಾಲಿಗೆ ತಾಳವೇ ಇರಲಿಲ್ಲ.

ಸುರುಳಿ ಕೊನೆ ಮುಟ್ಟಿತು. ತಾಳ ತಪ್ಪಿತು, ನಾಳೆ ಸರಿಮಾಡಿಕೊಳ್ಳುತ್ತೇನೆ ಎಂದು ವರ್ತಕ ಕಿವಿಯಲ್ಲಿ ಕೂಗಿದ.

ಅಮ್ಮ ಮರದಿಂದ ಕಿವಿ ತೆಗೆಯಲಿಲ್ಲ. "ಹೀಗೇ ಇರ್ಲಿ. ನಿಮ್ಮಪ್ಪನಿಗೂ ತಾಳ ಬರ್ತಿರ್ಲಿಲ್ಲ. ಇಲ್ಲೇ ಓಡಿಸ್ತಿದ್ರು, ಇಲ್ಲೇ ಕುಂಟಿಸ್ತಿದ್ರು" ಎಂದಳು.

ವರ್ತಕನಿಗೆ ಅಳು ಬಂತು. ಅಪ್ಪ ಸತ್ತ ದಿನವೂ ಅವನು ಅತ್ತಿರಲಿಲ್ಲ. ಅಂದು ಪುರೋಹಿತರಿಗೆ ಬೇಕಾದ ಸಾಮಾನು ಜೋಡಿಸುವ ಗಡಿಬಿಡಿಯಲ್ಲಿದ್ದ. ಹನ್ನೊಂದು ವರ್ಷದ ಮೇಲೆ ಈಗ ಪಿಯಾನೊ ಮುಂದೆ ಕೂತು ಮಗುವಿನಂತೆ ಅತ್ತ. ಅಳುತ್ತಲೇ ಸುರುಳಿಯನ್ನು ಹಿಂದಕ್ಕೆ ಸುತ್ತಿ ಇನ್ನೊಮ್ಮೆ ತುಳಿದ. ಮೇಸ್ತ್ರಿ ಚೀಲ ಹೆಗಲಿಗೇರಿಸಿಕೊಂಡು ಹೊರಟ. ಅವನನ್ನು ಬೀಳ್ಕೊಡುವುದಕ್ಕೂ ಆ ಮನೆಯಲ್ಲಿ ಯಾರಿಗೂ ಬಿಡುವಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. ಅವನು ಭಕ್ತಿಯಿಂದ ಗುರುಗಳ ಪಾದ ಮುಟ್ಟಲು ಬಗ್ಗಿದ.

ಗುರುಗಳು ಕಾಲನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದರು: "ಹನ್ನೆರಡು ವರ್ಷದಲ್ಲಿ ನೀನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇವತ್ತಿನದು, ಕಾಲು ಬಿಡು, ಇನ್ನೊಂದು ಕೇಳು."