ಯಾರೂ ಇಲ್ಲದ ಗವಿ

ಕೊಟ್ರೇಶನಿಗೆ ತಲೆ ಕೆಟ್ಟು ಕೆರ ಹಿಡಿದಿತ್ತು.

ಅವನಿಗೆ ಬೇಕಾಗಿದ್ದು ಒಂದೇ, ಕಾವಿ. ಅವನ ನಂತರ ಮಠಕ್ಕೆ ಬಂದ ಪರ್ವತಯ್ಯ ಆಗಲೇ ಕಾವಿ ಸುತ್ತಿಕೊಂಡು, ಏ ಕೊಟ್ರಾ ಕಾಲಿಗೆ ನೀರು ತಾ ಅನ್ನುವಷ್ಟು ದೊಡ್ಡವನಾಗಿದ್ದ. ಕೊಟ್ರೇಶ ಮಾತ್ರ ಇನ್ನೂ ಬಿಳಿ ಪಂಚೆಯಲ್ಲೇ.

ಹೋಗಿ ಗುರುಗಳನ್ನು ಕೇಳಿದ. ಮಠದವರೆಲ್ಲ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಅಜ್ಜಾರು ಒಂದು ಕೆಲಸ ಹಚ್ಚಿದರು.

"ಕಣಿವಿ ತುಂಬ ಸುಣ್ಣದ ಕಲ್ಲಿನ ಗವಿ ಅದಾವ. ಯಾರೂ ಇಲ್ಲದ್ದೊಂದು ಹುಡುಕು. ಅಲ್ಲೇ ಕೂಡಿಸಿ ಕಾವಿ ಕೊಡತೀನಿ."

ಮಳೆ ಹಿಡಿದರೆ ಗವಿಗಳಿಗೆಲ್ಲ ನೀರು ನುಗ್ಗುತ್ತದೆ. ಆಮೇಲೆ ಬರುವ ವರ್ಷವೇ ಗತಿ. ಕೊಟ್ರೇಶ ಓಡಿದ.

ಮೊದಲು ಸಿಕ್ಕ ಗವಿ ಅರಮನೆಯಂಥದ್ದು. ಅಜ್ಜಾರು ಕೋಲೂರಿಕೊಂಡು ಅಷ್ಟು ದೂರ ನಡೆದು ಬಂದರು, ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ಬಾವಲಿ ಅದಾವಲ್ಲೋ ಅಂದು ತಿರುಗಿ ನಡೆದೇಬಿಟ್ಟರು.

ಕೊಟ್ರೇಶ ಬಿಡುವ ಪೈಕಿಯಲ್ಲ. ಬೇವಿನ ಸೊಪ್ಪಿನ ಹೊಗೆ ಹಾಕಿ ಅಷ್ಟೂ ಬಾವಲಿಗಳನ್ನು ಓಡಿಸಿದ. ಅವು ಸಂಜೆಯ ಹೊತ್ತಿಗೆ ಮಠದ ಅಡುಗೆಮನೆಯ ಜಂತಿಗೆ ಬಂದು ನೇತುಬಿದ್ದವು. ಸಾರಿನ ಕೊಳಗದಲ್ಲಿ ಏನೇನು ಬಿತ್ತೋ, ಪರ್ವತಯ್ಯ ಮಾತ್ರ ಎರಡು ಸಲ ಹಾಕಿಸಿಕೊಂಡ. ಅಜ್ಜಾರು ಉಣ್ಣಲಿಲ್ಲ. ಬೀಗರನ್ನ ಕರಕೊಂಡು ಬಂದವನೇ ಉಪಚಾರ ಮಾಡಲಿ ಅಂದು ಕೊಟ್ರೇಶನ ಕೈಗೆ ಪೊರಕೆ ಕೊಟ್ಟರು.

ಇನ್ನೊಂದು ಗವಿಯಲ್ಲಿ ಮುಳ್ಳುಹಂದಿಯ ಮುಳ್ಳು ಬಿದ್ದಿತ್ತು. ಹಂದಿ ಇಲ್ಲವಲ್ಲ ಅಂತ ಕೊಟ್ರೇಶ ವಾದ ಹೂಡಿದ. ಮನೆಯವರು ಸಂತೆಗೆ ಹೋದರೆ ನೀನು ಹೊಕ್ಕು ಮಲಗತೀಯೇನು ಅಂತ ಕೇಳಿಸಿಕೊಂಡ. ಮತ್ತೊಂದರಲ್ಲಿ ಒಂದೇ ಒಂದು ಜೇಡ.

"ಜೇಡ ಎಷ್ಟರದ್ರಿ ಅಜ್ಜಾರ?"

"ಆ ಮಾತು ಅದರ ಮುಂದೆ ಹೇಳು."

ಅಂಗಾಲಿಗೆ ಬೊಬ್ಬೆ ಬಂದವು. ಪಡುವಣದಲ್ಲಿ ಮೋಡ ಕಪ್ಪಾಯಿತು. ಆ ದಿನವೇ ಕಣಿವೆಯ ತುದಿಯಲ್ಲಿ, ಬಂಡೆಯ ಬುಡಕ್ಕೆ, ನಾಯಿಯೂ ಕಷ್ಟಪಟ್ಟು ತೂರುವಂಥ ಒಂದು ಕಿಂಡಿ ಸಿಕ್ಕಿತು.

ಅಜ್ಜಾರು ಕಿಂಡಿ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು. ಹೊರಗೆ ಕಲ್ಲಿನ ಮೇಲೆ ಕೂತು ಚುರುಮುರಿ ಗಂಟು ಬಿಚ್ಚಿದರು. ನೀನೇ ಹೋಗು, ದೀಪ ಹಚ್ಚಿ ಮೂಲೆಮೂಲೆ ನೋಡು, ಒಂದಿಷ್ಟು ಹೊತ್ತು ಕೂತು ಬಾ ಅಂದರು.

ಕೊಟ್ರೇಶ ಹೊಟ್ಟೆ ಎಳೆದುಕೊಂಡು ಹೋದ. ಮೊಣಕೈ ತರಚಿತು, ತಲೆಗೆ ಕಲ್ಲು ಬಡಿಯಿತು. ಒಳಗೆ ತಣ್ಣನೆಯ ಬಿಳಿ ಗೋಡೆ, ತೊಟ್ಟಿಕ್ಕುವ ನೀರು. ಸುತ್ತ ದೀಪ ಹಿಡಿದ. ಜೀವ ಅನ್ನುವುದು ಏನೂ ಇಲ್ಲ.

ಕೂತ. ಕೂತಲ್ಲೇ ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಬಾಯಿಗೆ ಬಂತು. ಈ ಮುದುಕನಿಗೆ ಒಂದು ತುಂಡು ಬಟ್ಟೆ ಕೊಡಲು ಇಷ್ಟು ಬಿಗುಮಾನವೇ ಅಂದ. ಚುರುಮುರಿ ಗಂಟಲಲ್ಲಿ ಸಿಕ್ಕಿಕೊಳ್ಳಲಿ ಅಂದ. ಪರ್ವತಯ್ಯನ ವಂಶವನ್ನೂ ಬಿಡಲಿಲ್ಲ. ಬೈದು ಬೈದು ದಣಿದು, ಮೈತುಂಬ ಸುಣ್ಣದ ಕೆಸರು ಮೆತ್ತಿಕೊಂಡು ಹೊರಗೆ ತೆವಳಿದ.

ಅಜ್ಜಾರು ಕಿಂಡಿಯ ಬಾಯಿಗೆ ಕಿವಿ ಕೊಟ್ಟು ಕೂತಿದ್ದರು.

"ಅಜ್ಜಾರ, ಬಾವಲಿ ಇಲ್ಲ, ಜೇಡ ಇಲ್ಲ, ಒಂದು ಇರುವೆ ಸಹಿತ ಇಲ್ರಿ. ಒಳಗ ಯಾರಂದ್ರ ಯಾರೂ ಇಲ್ಲ. ಈಗರೆ ಕೊಡ್ರಿ."

ಅಜ್ಜಾರು ಗಡ್ಡಕ್ಕೆ ಅಂಟಿದ್ದ ಚುರುಮುರಿ ಕೊಡವಿಕೊಂಡರು.

"ಹೌದಾ? ಮತ್ತ ಇಷ್ಟೊತ್ತು ಒಳಗ ಕೂತು ನನ್ನ ಬೈತಿದ್ದವ ಯಾರೋ ತಮ್ಮಾ?"